ಬೇರೆಯವನ ಬೆಲ್ಟಿನ ಗೀರು

ನಮ್ಮೂರಿನಲ್ಲಿ ತಯಾರಾದ ಯಾವ ವಸ್ತುವೂ ಬಳಕೆಯಿಂದ ಸವೆಯುವುದಿಲ್ಲ. ಊರಿನ ಹೊಗಳಿಕೆಗೆಂದು ಈ ಮಾತು ಹೇಳುತ್ತಿಲ್ಲ, ಇದರ ತಾಪತ್ರಯ ಏನೆಂದು ಇಲ್ಲಿ ಬಾಳಿದವರಿಗೇ ಗೊತ್ತು. ಯಾರ ಮನೆಯಲ್ಲಾದರೂ ನಾಲ್ಕು ಜನ ಸೇರಿದರೆ ಹೊರಡುವಾಗ ಬಾಗಿಲಲ್ಲಿ ಜಗಳ ಇದ್ದದ್ದೇ. ನಲವತ್ತು ವರ್ಷ ಮೆಟ್ಟಿದ ಚಪ್ಪಲಿಯೂ ಮೊನ್ನೆ ಕೊಂಡ ಚಪ್ಪಲಿಯೂ ಒಂದೇ ಥರ ಹೊಳೆಯುತ್ತ ಕೂತಿರುತ್ತವೆ, ಯಾರದು ಯಾವುದೆಂದು ಕಾಲು ತೂರಿಸಿಯೇ ನೋಡಬೇಕು. ನಮ್ಮ ಮಗ್ಗದ ಬಟ್ಟೆಯಲ್ಲಿ ಮದುವೆಗೆ ಅಂಗಿ ಹೊಲಿಸಿಕೊಂಡವನು ಎಪ್ಪತ್ತರಲ್ಲೂ ಅದನ್ನೇ ತೊಡುತ್ತಾನೆ. ಅಂಗಿ ಮದುಮಗನದು, ಒಳಗಿರುವವನು ಮುದುಕ. ದರ್ಜಿಗಳು ಹೊಸದನ್ನು ಹೊಲಿಯುವುದಕ್ಕಿಂತ ಬೆಳೆದ ಹೊಟ್ಟೆಗೆ ತಕ್ಕಂತೆ ಹಳೆಯದನ್ನು ಬಿಚ್ಚಿ ಹೊಲಿಯುವುದರಲ್ಲೇ ಕಾಲ ಹಾಕುತ್ತಾರೆ. ಬೀಸುಕಲ್ಲಿಗೆ ಉಳಿ ಹಾಕುವವರು ನಮ್ಮಜ್ಜನ ಕಾಲದಲ್ಲೇ ಊರು ಬಿಟ್ಟು ಹೋದರಂತೆ. ಕೈಜಾರಿ ಬಿದ್ದ ತಂಬಿಗೆ ಸದ್ದು ಮಾಡುತ್ತದೆ, ತಗ್ಗು ಬೀಳುವುದಿಲ್ಲ. ಬೇಕೆಂದೇ ಅರ ಹಿಡಿದು ಉಜ್ಜಿದರೆ ಮಾತ್ರ ಗೀರು ಏಳುತ್ತದೆ. ಹಾಗೆ ಎದ್ದ ಗೀರು ಮತ್ತೆ ಹೋಗುವುದಿಲ್ಲ.

ಇದರಿಂದಾಗಿ ನಮ್ಮಲ್ಲಿ ಸವೆತ ಹಾಕಿಸುವ ಪದ್ಧತಿ ಇದೆ. ಯಾರಾದರೂ ತೀರಿಕೊಂಡರೆ, ಯಾವ ಜಾತಿಯವರೇ ಆಗಲಿ, ಹನ್ನೊಂದನೆಯ ದಿನ ಸವೆತದವರನ್ನು ಕರೆಸುತ್ತಾರೆ. ಸತ್ತವರ ಕುರ್ಚಿಯನ್ನೋ ಚಪ್ಪಲಿಯನ್ನೋ ಊಟದ ತಟ್ಟೆಯನ್ನೋ ಮುಂದಿಟ್ಟು, ಅವರು ಬಳಸಿದ್ದರಿಂದ ಅದು ಹೇಗೆ ಸವೆಯಬೇಕಾಗಿತ್ತೋ ಹಾಗೆ ಸವೆಸಿ ಕೊಡಿ ಎಂದು ಕೇಳುತ್ತಾರೆ. ಇಲ್ಲದಿದ್ದರೆ ಮನೆಯಲ್ಲಿ ಆ ಮನುಷ್ಯ ಇದ್ದನೆಂಬುದಕ್ಕೆ ಗುರುತೇ ಉಳಿಯುವುದಿಲ್ಲ. ನಮ್ಮಪ್ಪ ಈ ಕೆಲಸ ಮಾಡುತ್ತಿದ್ದ. ಕೆಲಸಕ್ಕೆ ಒಂದೇ ಕಟ್ಟಳೆ, ಅರ ಮುಟ್ಟುವ ಮೊದಲು ಮೂರು ಜನರನ್ನು ಕೇಳಬೇಕು. ಸತ್ತವನು ಯಾವ ಕಾಲು ಎಳೆಯುತ್ತಿದ್ದ, ಕೂತಾಗ ಯಾವ ಕಡೆ ವಾಲುತ್ತಿದ್ದ, ಹೆಬ್ಬೆರಳು ಎಲ್ಲಿ ಊರುತ್ತಿದ್ದ. ಹೆಂಡತಿ ಬಲಗಾಲು ಎನ್ನುತ್ತಾಳೆ, ಮಗ ಎಡಗಾಲು ಎನ್ನುತ್ತಾನೆ, ಪಕ್ಕದ ಮನೆಯವನು ಬಂದು ಆತ ಕಾಲು ಎಳೆಯುತ್ತಲೇ ಇರಲಿಲ್ಲ ಎನ್ನುತ್ತಾನೆ. ಅಪ್ಪ ಮೂವರಿಗೂ ತಲೆಯಾಡಿಸಿ, ಒಂದು ಬೀಡಿ ಸೇದಿ ಮುಗಿಸಿ, ಆಮೇಲೆ ಅರ ಎತ್ತುತ್ತಿದ್ದ. ಬದುಕಿದ್ದವರ ವಸ್ತುವಿಗೆ ಅವನು ಎಂದೂ ಸವೆತ ಹಾಕಲಿಲ್ಲ.

ಅಪ್ಪನ ಕೈಯಿಂದ ಆ ಕಸುಬು ನನಗೆ ಬಂತು, ನನ್ನಿಂದ ನಾಗೂಸಾನ ಕಾರ್ಖಾನೆಗೆ ಹೋಯಿತು. ನಾಗೂಸಾ ಕರೆಂಟಿನ ಗಿಟಾರ್ ಮಾಡುವವನು. ಮರ ಒಳ್ಳೆಯದು, ನಾದ ಒಳ್ಳೆಯದು, ಆದರೂ ಹೊರಗಿನವರು ಕೊಳ್ಳುತ್ತಿರಲಿಲ್ಲ. ಇಪ್ಪತ್ತು ವರ್ಷ ಬಾರಿಸಿದರೂ ನಿನ್ನೆ ಅಂಗಡಿಯಿಂದ ತಂದಂತೆ ಕಾಣುತ್ತದೆ, ಜನ ನಗುತ್ತಾರೆ ಎಂಬುದು ಅವರ ದೂರು. ಗಿಟಾರಿನವರಿಗೆ ಹಳೆಯದರ ಹುಚ್ಚು ಎಷ್ಟೆಂದು ನನಗೂ ಮೊದಲು ತಿಳಿದಿರಲಿಲ್ಲ. ಬಣ್ಣ ಎದ್ದಿರಬೇಕು, ಕಬ್ಬಿಣ ತುಕ್ಕು ಹಿಡಿದಿರಬೇಕು, ವಾರ್ನಿಶ್ ಬಿರಿದಿರಬೇಕು. ನಾಗೂಸಾ ನಮ್ಮ ಕೇರಿಯ ಸವೆತದವರನ್ನೆಲ್ಲ ಕಲೆಹಾಕಿ ಒಂದು ಉದ್ದನೆಯ ತಗಡಿನ ಶೆಡ್ಡಿನಲ್ಲಿ ಕೂರಿಸಿದ. ಹೊಸ ಗಿಟಾರ್ ಒಂದು ಬಾಗಿಲಿಂದ ಒಳಗೆ ಬರುತ್ತಿತ್ತು, ಐವತ್ತು ವರ್ಷದ ಗಿಟಾರ್ ಇನ್ನೊಂದು ಬಾಗಿಲಿಂದ ಹೊರಗೆ ಹೋಗುತ್ತಿತ್ತು.

ಕೊಳ್ಳುವವರಿಗೆ ಅದು ನಕಲೆಂದು ಚೆನ್ನಾಗಿ ಗೊತ್ತಿರುತ್ತದೆ, ನಾವು ಯಾರಿಗೂ ಮೋಸ ಮಾಡುತ್ತಿರಲಿಲ್ಲ. ಒಮ್ಮೆ ದೂರದ ಶಹರದಿಂದ ಒಬ್ಬ ಹಲ್ಲಿನ ಡಾಕ್ಟರು ತಾನೇ ಬಂದು ಒಂದನ್ನು ಆರಿಸಿಕೊಂಡ. ಗೊತ್ತಿದ್ದೂ ಯಾಕೆ ಕೊಳ್ಳುತ್ತೀರೆಂದು ಕೇಳಿದೆ. "ಹೊಸದನ್ನ ಹಿಡ್ಕೊಂಡ್ರೆ ಎಲ್ಲಿ ಗೀರು ಬೀಳುತ್ತೋ ಅಂತ ಭಯ ಅಮ್ಮ," ಎಂದ. ಆಮೇಲೆ ಸ್ವಲ್ಪ ನಾಚಿಕೊಂಡು, "ಇದನ್ನ ಹಿಡ್ಕೊಂಡ್ರೆ ನಾನೂ ಏನೋ ಪಾಡು ಪಟ್ಟವನು ಅನ್ಸುತ್ತೆ," ಎಂದ. ಒಳ್ಳೆಯ ಮನುಷ್ಯ. ನನ್ನ ಕೈಯ ಪಾಡನ್ನು ಹೆಗಲಿಗೆ ಹಾಕಿಕೊಂಡು ಖುಷಿಯಾಗಿ ಹೋದ.

ನಮ್ಮಲ್ಲಿ ಹೆಚ್ಚು ಬೇಡಿಕೆ ಇದ್ದದ್ದು ಒಂದೇ ಮಾದರಿಗೆ. ಸಮುದ್ರದಾಚೆ ಒಬ್ಬ ದೊಡ್ಡ ವಾದಕ ಇದ್ದನಂತೆ, ಅವನ ಗಿಟಾರ್ ಈಗ ಯಾರದೋ ಗಾಜಿನ ಪೆಟ್ಟಿಗೆಯಲ್ಲಿದೆಯಂತೆ. ಅದರ ಪ್ರತಿಯೊಂದು ಗೀರನ್ನೂ ಅಳೆದು ಯಾರೋ ಒಂದು ಚಾರ್ಟು ಮಾಡಿದ್ದರು. ಇನ್ನೂರ ಹನ್ನೆರಡು ಗುರುತುಗಳು. ಹತ್ತೊಂಬತ್ತು ವರ್ಷ ನಾನು ಆ ಚಾರ್ಟನ್ನು ಎದುರಿಗೆ ತೂಗುಹಾಕಿಕೊಂಡು ಕೆಲಸ ಮಾಡಿದೆ. ಅವನ ಮೊಣಕೈ ಒಡಲಿನ ಮೇಲಂಚಿನಲ್ಲಿ ಎಲ್ಲಿ ಉಜ್ಜುತ್ತಿತ್ತು, ಬೆವರಿಗೆ ಎಲ್ಲಿ ಬಣ್ಣ ಬಿಳಿಚಿತ್ತು, ಉಗುರು ತಂತಿ ದಾಟಿ ಎಲ್ಲಿ ಬಡಿಯುತ್ತಿತ್ತು, ಎಲ್ಲ ನನಗೆ ಗೊತ್ತು. ನಿಂತು ನುಡಿಸುವವನು, ಗಿಟಾರನ್ನು ಕೆಳಗೆ ಜೋತುಬಿಟ್ಟು ಸೊಂಟಕ್ಕೆ ಒತ್ತಿಕೊಳ್ಳುವವನು. ಬೆನ್ನಿನ ಕಡೆ ಅವನ ಬೆಲ್ಟಿನ ಕೊಂಡಿ ಹನ್ನೊಂದು ಕಡೆ ಕೆರೆದಿತ್ತು. ಹಚ್ಚಿದ ಸಿಗರೇಟನ್ನು ಗಿಟಾರಿನ ಕತ್ತಿನ ತುದಿಯ ತಂತಿಗೆ ಸಿಕ್ಕಿಸಿ ಮರೆಯುವವನು. ಅವನ ಮುಖ ನಾನು ನೋಡಿಲ್ಲ, ಬೆರಳಿನ ಉದ್ದ ಹೇಳಬಲ್ಲೆ. ಪಕ್ಕದ ಮೇಜಿನ ಮಾಬೂಬಿಗೆ ಇದು ತಮಾಷೆ. ನಾನು ಬೆಳಿಗ್ಗೆ ತಡವಾಗಿ ಹೋದರೆ, "ಬಾರವಾ, ನಿನ್ನ ಎರಡನೇ ಗಂಡ ಆಗಿಂದ ಕಾಯಾಕತ್ಯಾನ," ಎಂದು ಚಾರ್ಟಿನ ಕಡೆ ಕೈ ಮಾಡುತ್ತಿದ್ದಳು. ನಾನೂ ನಗುತ್ತಿದ್ದೆ.

ಮೊದಲನೆಯ ಗಂಡನ ಹೆಸರು ದೇವದಾನಪ್ಪ. ಅವನೂ ಗಿಟಾರಿನವನೇ. ಮದುವೆಗಳಿಗೆ ಹೋಗುವ ಆರ್ಕೆಸ್ಟ್ರಾದಲ್ಲಿ ಮೂವತ್ತೊಂದು ವರ್ಷದಿಂದ ಒಂದೇ ಗಿಟಾರ್ ನುಡಿಸುತ್ತ ಬಂದಿದ್ದ. ನಾಗೂಸಾ ಮಾಡಿದ ಮೊದಲ ಹತ್ತರಲ್ಲಿ ಒಂದು ಅದು, ಕೆಂಪು ಬಣ್ಣದ್ದು, ಊರಿನ ವಸ್ತುವಾದ್ದರಿಂದ ಮೂವತ್ತೊಂದು ವರ್ಷದ ಮೇಲೂ ಪೆಟ್ಟಿಗೆಯಿಂದ ಈಗಷ್ಟೇ ತೆಗೆದ ಹಾಗಿತ್ತು. ದಾನಪ್ಪ ಹೆಚ್ಚು ಮಾತಿನವನಲ್ಲ. ಸಂಜೆ ನಾನು ಶೆಡ್ಡಿನಿಂದ ವಾರ್ನಿಶ್ಶಿನ ವಾಸನೆಗೆ ತಲೆ ಸಿಡಿಯುತ್ತ ಬಂದು ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದೆ. ಅವನು ಸದ್ದು ದೊಡ್ಡದು ಮಾಡುವ ಮಷೀನು ಹಚ್ಚದೆ ಬರೀ ತಂತಿಯ ಮೇಲೆ ಅಭ್ಯಾಸ ಮಾಡಿಕೊಳ್ಳುತ್ತಿದ್ದ. ಇಲಿ ಕಾಗದ ಕೆರೆದಷ್ಟು ಸದ್ದು, ಅಷ್ಟೇ. ಆ ಸದ್ದಿಗೇ ನನಗೆ ನಿದ್ದೆ ಬರುತ್ತಿತ್ತು.

ಅವನು ಕಟ್ಟಿದ ಒಂದು ಧಾಟಿ ಇದೆ. ಯಾರದೋ ಮದುವೆಯಲ್ಲಿ ಅಕ್ಷತೆಯ ಹೊತ್ತಿಗೆ ಸನಾದಿಯವನು ಕೈಕೊಟ್ಟನಂತೆ, ಜನ ಅಕ್ಕಿಕಾಳು ಹಿಡಿದು ನಿಂತಿದ್ದಾರೆ, ವಾದ್ಯ ಇಲ್ಲ. ದಾನಪ್ಪ ಕೂತಲ್ಲೇ ಒಂದು ಧಾಟಿ ಶುರುಮಾಡಿದ. ಒಂದು ನಿಮಿಷವೂ ಇರದ ಧಾಟಿ, ಏರುತ್ತ ಹೋಗಿ ತುದಿಯಲ್ಲಿ ಸ್ವಲ್ಪ ತಡೆದು ಇಳಿಯುತ್ತದೆ, ಆ ತಡೆದ ಗಳಿಗೆಯಲ್ಲಿ ಅಕ್ಷತೆ ಬೀಳುತ್ತದೆ. ಈಗ ಪ್ರಾಂತದ ಯಾವ ಮದುವೆಗೆ ಹೋದರೂ ಅಕ್ಷತೆಗೆ ಅದೇ. ನುಡಿಸುವವರಿಗೆ ಅದು ಯಾರದೆಂದು ಗೊತ್ತಿಲ್ಲ, ಗಾಳಿಯಲ್ಲಿ ಹುಟ್ಟಿತೆಂದು ತಿಳಿದಿದ್ದಾರೆ. ದಾನಪ್ಪನಿಗೆ ಜೀವನದಲ್ಲಿ ಬೇಕಾಗಿದ್ದದ್ದು ಇಷ್ಟೇ, ಆ ಧಾಟಿಯ ಪಕ್ಕದಲ್ಲಿ ತನ್ನ ಹೆಸರು. ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ನಮ್ಮ ಮದುವೆಯಾದ ಹೊಸದರಲ್ಲಿ. ನಾನು ಅದನ್ನು ಮರೆತಿರಲಿಲ್ಲ.

ರಾಜಧಾನಿಯ ಸಂಗೀತ ಭವನದವರು ಮದುವೆಯ ವಾದ್ಯಗಾರರಿಗೆಂದೇ ಒಂದು ಕೋಣೆ ಮಾಡುತ್ತಿದ್ದಾರೆ, ಅಕ್ಷತೆಯ ಧಾಟಿ ಕಟ್ಟಿದವನ ವಾದ್ಯವನ್ನು ಅಲ್ಲಿ ಇಡುತ್ತಾರೆ ಎಂದು ಕಾಗದ ಬಂದಾಗ ದಾನಪ್ಪ ಅದನ್ನು ಎರಡು ಸಲ ಓದಿ ಮಡಚಿ ಬೈಬಲ್ಲಿನೊಳಗೆ ಇಟ್ಟ. ಒಂದು ತೊಡಕಿತ್ತು. ರಾಜಧಾನಿಯವನೇ ಆದ ಪದ್ಮರಾಜ ಎಂಬೊಬ್ಬ ವಾದಕ ಆ ಧಾಟಿ ತನ್ನದೆಂದು ಹೇಳಿಕೊಂಡಿದ್ದ. ಇಬ್ಬರಲ್ಲಿ ಯಾರೆಂದು ತೀರ್ಮಾನಿಸಲು ಭವನದ ಕುಮುದಿನಿ ಮೇಡಂ ಊರಿಂದೂರಿಗೆ ತಿರುಗುತ್ತ ನಮ್ಮ ಮನೆಗೂ ಬಂದರು. ಬಿಳಿ ಸೀರೆ, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ದಾನಪ್ಪ ಮಷೀನು ಹಚ್ಚಿ ನುಡಿಸಲು ಸಿದ್ಧನಾದ. ಅವರು ಕೈಯಾಡಿಸಿದರು. "ನುಡಿಸೋದು ಬೇಡಿ. ಆ ಧಾಟೀನ ಈಗ ಎಲ್ಲರೂ ನುಡಿಸ್ತಾರೆ, ಅದರಿಂದ ಏನೂ ಗೊತ್ತಾಗಲ್ಲ. ಧಾಟಿ ಕಟ್ಟಿದಾಗ ನಿಮ್ಮ ಕೈಲಿದ್ದ ಗಿಟಾರ್ ತೋರಿಸಿ."

"ಇದರಿ," ಎಂದು ದಾನಪ್ಪ ಕೆಂಪು ಗಿಟಾರನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ.

ಮೇಡಂ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು, ಬೆಳಕಿಗೆ ಹಿಡಿದರು. "ಇದು ಹೊಸದು."

"ನಮ್ಮೂರ ಸಾಮಾನು ಸವಿಯೂದಿಲ್ಲರಿ," ಎಂದ ದಾನಪ್ಪ. ಕೊಂಡು ಬಳಸದ ಹೊರಗಿನವರಿಗೆ ಈ ಮಾತು ಹೇಳಿ ನಂಬಿಸಿದವರು ನಮ್ಮಲ್ಲಿ ಯಾರೂ ಇಲ್ಲ. ಮೇಡಂ ನಗಲಿಲ್ಲ, ಅಷ್ಟು ಮರ್ಯಾದೆ ತೋರಿಸಿದರು. ಪದ್ಮರಾಜರ ಗಿಟಾರಿನಲ್ಲಿ ಬಣ್ಣ ಹೋಗಿ ಮರ ಕಾಣುತ್ತದೆ ಎಂದರು. ನಿಮ್ಮ ನಿಜವಾದ ಗಿಟಾರನ್ನು ಹುಡುಕಿಟ್ಟಿರಿ, ಮುಂದಿನ ತಿಂಗಳ ಹತ್ತಕ್ಕೆ ಇದೇ ದಾರಿಯಲ್ಲಿ ವಾಪಸಾಗುತ್ತೇವೆ ಎಂದು ಹೇಳಿ ಜೀಪು ಹತ್ತಿದರು. ಚಹಾದ ಬಟ್ಟಲು ಮುಟ್ಟಿರಲಿಲ್ಲ.

ಎರಡು ದಿನ ದಾನಪ್ಪ ಗಿಟಾರ್ ಎತ್ತಲಿಲ್ಲ. ಮೂರನೆಯ ದಿನ ನಾನೇ ಹೇಳಿದೆ, ನಾನು ಸವೆತ ಹಾಕಿಕೊಡುತ್ತೇನೆಂದು.

"ನಾ ಇನ್ನಾ ಜೀವಂತ ಅದೀನಲ್ಲ," ಎಂದ.

"ನಿನ್ನ ಕೈ ಮಾಡಿದ್ದನ್ನ ನನ್ನ ಕೈ ತೋರಸ್ತದ, ಅಷ್ಟ. ಇದರಾಗ ಸುಳ್ಳೇನೈತಿ?"

ಅವನು ಎದ್ದು ಗಿಟಾರಿನ ಮೇಲಿನ ಧೂಳು ಒರೆಸಿದ. ಆಮೇಲೆ ಗಿಟಾರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ನನ್ನ ತೊಡೆಯ ಮೇಲೆ ಇಟ್ಟ. "ಒಯ್ಯಿ. ನಾ ಹೆಂಗ ಬಾರಸ್ತೀನಿ ನಿನಗ ಗೊತ್ತೈತೆಲ್ಲ. ಹಂಗ ಮಾಡು," ಎಂದ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನು ನನಗೆ ಹೇಳಿದ ಅತಿ ದೊಡ್ಡ ಮಾತು ಇದು. ನನಗೆ ಕಣ್ಣು ತುಂಬಿ ಬಂದಿತ್ತು.

ನಾಗೂಸಾ ಒಂದು ವಾರ ನನಗೆ ಬೇರೆ ಕೆಲಸ ಕೊಡಲಿಲ್ಲ. ಚಾರ್ಟನ್ನು ನಾನು ಗೋಡೆಯಿಂದ ಇಳಿಸಿ ಸುತ್ತಿಟ್ಟೆ. ಇದು ನನ್ನ ಗಂಡನ ಗಿಟಾರ್, ಇದಕ್ಕೆ ಇನ್ನೊಬ್ಬನ ಗುರುತಿನ ಹಂಗು ಬೇಡ ಎಂದು ಮಾಬೂಬಿಗೆ ಹೇಳಿದೆ ಕೂಡ. ಅವಳು ಅರ ಒರೆಸುತ್ತ, "ಮೂರು ಮಂದೀನ್ನ ಕೇಳಿದೇನು?" ಎಂದಳು.

"ನನ್ನ ಗಂಡನ ಬಗ್ಗೆ ನಾ ಯಾರನ್ನ ಕೇಳಲಿ?"

"ಅವನನ್ನರ ಕೇಳು. ಇದ್ದಾನಲ್ಲ ಮನ್ಯಾಗ."

ನನಗೆ ಸಿಟ್ಟು ಬಂತು. ಹೋಗಿ ಕೇಳಿದರೆ, ನಿನಗೆ ಗೊತ್ತಿಲ್ಲವಾ ಎಂದು ಅವನು ಅನ್ನುತ್ತಾನೆ, ಅವನು ಕೊಟ್ಟ ಆ ದೊಡ್ಡ ಮಾತು ಅಲ್ಲಿಗೇ ಸಣ್ಣದಾಗುತ್ತದೆ ಎಂದುಕೊಂಡೆ. ಅಹಂಕಾರ ಅಂತಲೇ ಅನ್ನಿ, ನಾನು ಬೇಡವೆನ್ನುವುದಿಲ್ಲ. ಕೇಳಲಿಲ್ಲ. ಕಣ್ಣುಮುಚ್ಚಿ ದಾನಪ್ಪನನ್ನು ನೆನೆಸಿಕೊಂಡೆ, ಅವನ ಕೈ, ಅವನ ಹೆಗಲು, ಮತ್ತು ಅರ ಎತ್ತಿದೆ. ಕೈ ತಾನಾಗಿ ಓಡಿತು. ಅಷ್ಟು ಹಗುರವಾಗಿ ನಾನು ಎಂದೂ ಕೆಲಸ ಮಾಡಿರಲಿಲ್ಲ. ಚಾರ್ಟಿನ ಒಂದೇ ಒಂದು ಗೀರೂ ಅದೇ ಜಾಗದಲ್ಲಿ ಬೀಳದಂತೆ ನೋಡಿಕೊಂಡೆ, ಎಲ್ಲ ಹೊಸದು, ಎಲ್ಲ ಅವನಿಗೆಂದೇ. ಆರನೆಯ ದಿನ ಕೆಲಸ ಮುಗಿದಾಗ ಶೆಡ್ಡಿನವರೆಲ್ಲ ಬಂದು ಸುತ್ತ ನಿಂತರು. ಹತ್ತೊಂಬತ್ತು ವರ್ಷದಲ್ಲಿ ಈ ಬಾಗಿಲಿಂದ ಇಂಥದು ಹೊರಗೆ ಹೋಗಿಲ್ಲ ಎಂದ ನಾಗೂಸಾ. ಮಾಬೂಬಿ ಮಾತ್ರ ತನ್ನ ಮೇಜಿಗೆ ಹಿಂತಿರುಗಿ ಅರ ಎತ್ತಿಕೊಂಡಳು.

ಒಂಬತ್ತನೆಯ ತಾರೀಖು ಮಧ್ಯಾಹ್ನ ಅದನ್ನು ಮನೆಗೆ ತಂದೆ. ದಾನಪ್ಪ ಬೆಡ್‌ಶೀಟು ಬಿಚ್ಚಿದ. ಮೇಲಂಚಿನ ಮೇಲೆ, ಮೊಣಕೈ ಉಜ್ಜಿ ಬಣ್ಣ ಹೋದ ಜಾಗದ ಮೇಲೆ ಬೆರಳಾಡಿಸಿದ. ಕತ್ತಿನ ತುದಿಯ ಸಿಗರೇಟಿನ ಸುಟ್ಟ ಕಲೆ ಮೂಸಿ ನೋಡಿದ. ಆಮೇಲೆ ಗಿಟಾರನ್ನು ಮಗುಚಿದ. ಬೆನ್ನಿನ ಮೇಲೆ ಬೆಲ್ಟಿನ ಕೊಂಡಿಯ ಗೀರುಗಳು, ನಾನು ಬಹಳ ಇಷ್ಟಪಟ್ಟು ಹಾಕಿದವು, ಓರೆಯಾಗಿ ಕೆಳಗಿಳಿಯುತ್ತಿದ್ದವು.

"ಇವ ಯಾರು?" ಎಂದು ಕೇಳಿದ.

ನನಗೆ ಅರ್ಥವಾಗಲಿಲ್ಲ. "ನೀನ," ಎಂದೆ.

"ನಾ ಪ್ಯಾಂಟು ಯಾವಾಗ ಹಾಕೀನಿ?"

ಅವನು ಮೈಮೇಲಿನ ಪಂಚೆ ನೋಡಿಕೊಂಡ. ನಾನೂ ನೋಡಿದೆ. ಇಪ್ಪತ್ತೆರಡು ವರ್ಷ ಅವನ ಪಂಚೆ ಒಗೆದು ಹಿಂಡಿ ಒಣಗಿಸಿದವಳು ನಾನೇ. ನಮ್ಮ ಮನೆಯಲ್ಲಿ ಒಂದು ಬೆಲ್ಟು ಇಲ್ಲ. ಬೀಡಿ ಸಿಗರೇಟು ಅವನು ಮುಟ್ಟಿದವನಲ್ಲ. ನಿಂತು ನುಡಿಸುವುದಿಲ್ಲ, ಕೂತೇ ನುಡಿಸುವುದು ಎಂಬುದು ಕೂಡ ಆಗ ನನಗೆ ನೆನಪಾಯಿತು. ಮದುವೆಯಾದ ಹೊಸದರಲ್ಲಿ ಒಂದೆರಡು ಸಲ ಅವನ ಜೊತೆ ಹೋದಾಗ ಹೆಂಗಸರ ನಡುವೆ ಕೂತು ತಲೆಗಳ ಮೇಲಿಂದ ನೋಡಿದ್ದೆ, ಅವನ ನೆತ್ತಿ ಮಾತ್ರ ಕಾಣುತ್ತಿತ್ತು. ನಿಂತವನಾಗಿದ್ದರೆ ಮುಖ ಕಾಣುತ್ತಿತ್ತು. ಮೊಣಕೈಯನ್ನು ಅವನು ಎಲ್ಲಿ ಇಡುತ್ತಾನೆ, ಗಿಟಾರ್ ಅವನ ಮೈಯ ಯಾವ ಭಾಗಕ್ಕೆ ತಗಲುತ್ತದೆ ಎಂದು ಯೋಚಿಸಿದೆ. ಏನೂ ಹೊಳೆಯಲಿಲ್ಲ. ಹೊಳೆದದ್ದೆಲ್ಲ ಚಾರ್ಟಿನವನದೇ ಆಗಿತ್ತು.

"ಎಲ್ಲೆಲ್ಲಿ ಅಂತ ಹೇಳು, ಸರಿ ಮಾಡ್ತೀನಿ," ಎಂದೆ. ಮಾಡಲಾಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಹಾಕಿದ ಗೀರು ಹೋಗುವುದಿಲ್ಲ, ಬೆಳಗಾದರೆ ಹತ್ತನೆಯ ತಾರೀಖು. ಅವನು ಗಿಟಾರನ್ನು ಮತ್ತೆ ಸುತ್ತಿಟ್ಟು ಅಂಗಳಕ್ಕೆ ಹೋಗಿ ಕೂತ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮರುದಿನ ಮೇಡಂ ಬಂದಾಗ ನಾಗೂಸಾನೂ ಬಂದಿದ್ದ. ಅವನ ಕಾರ್ಖಾನೆಯ ಹೆಸರು ಭವನದ ಗೋಡೆ ಮೇಲೆ ಏರುತ್ತದೆಯಲ್ಲ, ಆ ಆಸೆ. ಬೆಡ್‌ಶೀಟು ಸರಿದದ್ದೇ ಮೇಡಂ ಕನ್ನಡಕ ಏರಿಸಿಕೊಂಡು ಹತ್ತಿರ ಬಗ್ಗಿ ನೋಡಿದರು. "ಎಲ್ಲಿಟ್ಟಿದ್ರಿ ಇದನ್ನ?" ಎಂದರು ಕೊನೆಗೆ.

"ಅಟ್ಟದ ಮ್ಯಾಲಿತ್ತರಿ," ಎಂದ ನಾಗೂಸಾ, ತಾನೇ ಆ ಮನೆಯಲ್ಲಿ ಹುಟ್ಟಿ ಬೆಳೆದವನಂತೆ.

ಮೇಡಂ ಒಂದೊಂದೇ ಗುರುತು ಮುಟ್ಟುತ್ತ ಓದಿದರು. ಗಿಟಾರನ್ನು ಸೊಂಟದ ಕೆಳಕ್ಕೆ ಜೋತುಬಿಟ್ಟಿದ್ದು, ನಿಂತೇ ಗಂಟೆಗಟ್ಟಲೆ ನುಡಿಸಿದ್ದು, ಸಿಗರೇಟು ಹಚ್ಚಿ ಮರೆತದ್ದು. ನಾನು ಬರೆದದ್ದನ್ನು ಅಕ್ಷರ ಬಿಡದೆ ಓದಿದರು, ಅಂಥ ಓದುಗರು ನನಗೆ ಮತ್ತೆ ಸಿಗಲಾರರು. "ನಿಂತು ನುಡಿಸ್ತಿದ್ರಿ, ಅಲ್ವಾ?" ಎಂದು ತಲೆ ಎತ್ತಿ ದಾನಪ್ಪನನ್ನು ಕೇಳಿದರು.

ದಾನಪ್ಪ ನನ್ನ ಕಡೆ ನೋಡಿದ. ಆಗ ನಾನು ಬಾಯಿ ಬಿಡಬಹುದಿತ್ತು, ಮೇಡಂ, ಇದು ನಾನು ಮಾಡಿದ ತಪ್ಪು, ಈ ಮನುಷ್ಯ ಬೇರೆ ಎಂದು ಹೇಳಬಹುದಿತ್ತು. ಹೇಳಿದರೆ ಧಾಟಿ ಪದ್ಮರಾಜನ ಪಾಲಾಗುತ್ತಿತ್ತು. ನಾನು ನೆಲ ನೋಡಿದೆ.

"ಹೌದರಿ," ಎಂದ ದಾನಪ್ಪ.

ಫೋಟೋ ಬೇಕೆಂದರು. ಪಂಚೆಯಲ್ಲಿ ಬೇಡ, ವೇದಿಕೆಯ ಮೇಲೆ ಹೇಗಿರುತ್ತಿದ್ದಿರೋ ಹಾಗೆ ಎಂದರು. ನಾಗೂಸಾ ಓಡಿಹೋಗಿ ತನ್ನ ಪ್ಯಾಂಟು ತಂದ. ಅದು ದಾನಪ್ಪನಿಗೆ ಇಬ್ಬರು ಹಿಡಿಸುವಷ್ಟು ದೊಡ್ಡದು, ಬೆಲ್ಟು ಬಿಗಿದರೇ ನಿಲ್ಲುವುದು. ನನ್ನ ಗಂಡ ಐವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ಬೆಲ್ಟು ಕಟ್ಟಿಕೊಂಡು, ಗಿಟಾರನ್ನು ಕೆಳಗೆ ಜೋತುಬಿಟ್ಟು ನಮ್ಮ ಅಂಗಳದಲ್ಲಿ ನಿಂತ. ಕೊಂಡಿ ನಾನು ಗೀರು ಹಾಕಿದ ಜಾಗಕ್ಕೇ ಸರಿಯಾಗಿ ತಾಗಿತು. ಕೆಲಸ ಅಷ್ಟು ಚೊಕ್ಕಟವಾಗಿತ್ತು.

ಅವನಿಗೆ ಹೆಸರು ಸಿಕ್ಕಿತು. ಎರಡು ತಿಂಗಳ ಮೇಲೆ ಕೋಣೆ ತೆರೆಯುವ ದಿನ ಭವನದವರು ಇಬ್ಬರಿಗೂ ಬಸ್ಸಿನ ಟಿಕೆಟು ಕಳಿಸಿದರು. ದಾನಪ್ಪ ತನ್ನ ಅಳತೆಗೆ ಒಂದು ಪ್ಯಾಂಟು ಹೊಲಿಸಿದ್ದ, ಬೆಲ್ಟು ಕೊಂಡಿದ್ದ, ಅದಕ್ಕೆ ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಕೆಂಪು ಗಿಟಾರನ್ನು ಮೇಡಂ ಅಂದೇ ಒಯ್ದಿದ್ದರು; ಆ ಎರಡು ತಿಂಗಳು ಮನೆಯಲ್ಲಿ ಗಿಟಾರ್ ಇರಲಿಲ್ಲ, ನನಗೆ ನಿದ್ದೆಯೂ ಸರಿಯಾಗಿರಲಿಲ್ಲ. ಭವನದ ಗಾಜಿನ ಪೆಟ್ಟಿಗೆಯಲ್ಲಿ ಕೆಂಪು ಗಿಟಾರನ್ನು ಬೆನ್ನು ಕಾಣುವಂತೆ ಕನ್ನಡಿ ಇಟ್ಟು ನಿಲ್ಲಿಸಿದ್ದರು. ಕೆಳಗೆ ದೊಡ್ಡ ಅಕ್ಷರದಲ್ಲಿ 'ಅಕ್ಷತೆಯ ಧಾಟಿ: ದೇವದಾನಪ್ಪ' ಎಂದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನಿಂತು ನುಡಿಸುವ, ಸಿಗರೇಟು ಸೇದುವ, ಆವೇಶದ ಒಬ್ಬ ಮನುಷ್ಯನ ವರ್ಣನೆ ಇತ್ತು. ದಾನಪ್ಪ ದೊಡ್ಡ ಅಕ್ಷರದ ಮುಂದೆ ಬಹಳ ಹೊತ್ತು ನಿಂತ. ಸಣ್ಣದನ್ನು ಓದಿದನೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಸಭೆಯಲ್ಲಿ ಅವನ ಕೈಗೆ ಬೇರೊಂದು ಗಿಟಾರ್ ಕೊಟ್ಟು ಧಾಟಿ ನುಡಿಸಲು ಹೇಳಿದರು. ನಿಂತು ನುಡಿಸಿದ. ಸ್ವರ ಎಲ್ಲ ಇದ್ದವು, ಆದರೆ ತುದಿಯಲ್ಲಿ ತಡೆಯುತ್ತದಲ್ಲ, ಅದು ತಡೆಯಲಿಲ್ಲ, ಹಾಗೇ ಜಾರಿ ಇಳಿದುಬಿಟ್ಟಿತು. ಅಕ್ಷತೆ ಎಂದು ಜನ ಹೂವಿನ ಪಕಳೆ ಹಿಡಿದಿದ್ದರು. ಯಾವಾಗ ಹಾಕಬೇಕೆಂದು ತಿಳಿಯದೆ ಕೆಲವರು ಮೊದಲೇ ಹಾಕಿದರು, ಕೆಲವರು ಚಪ್ಪಾಳೆ ತಟ್ಟಿದ ಮೇಲೆ ಹಾಕಿದರು.

ಚಹಾದ ಹೊತ್ತಿಗೆ ನಾವಿಬ್ಬರೂ ಭವನದ ಹಿಂದಿನ ಮೆಟ್ಟಿಲ ಹತ್ತಿರ ನಿಂತಿದ್ದೆವು. ಒಬ್ಬ ಮನುಷ್ಯ ಗಿಟಾರಿನ ಪೆಟ್ಟಿಗೆ ಹಿಡಿದುಕೊಂಡು ಬಂದ. ತೆಳ್ಳಗೆ, ಎತ್ತರ, ಕಿವಿಯ ಮೇಲೆ ಮಾತ್ರ ಕೂದಲು. ತಾನು ಪದ್ಮರಾಜ ಎಂದು ಹೇಳಿಕೊಂಡ. ದಾನಪ್ಪ ಕೈ ಮುಗಿದ, ಅವನು ಮುಗಿಯಲಿಲ್ಲ.

"ನಿಂತು ಯಾಕೆ ನುಡಿಸಿದ್ರಿ?" ಎಂದ.

ದಾನಪ್ಪ ಬೆಲ್ಟು ಸರಿಮಾಡಿಕೊಂಡ.

"ಒಳಗಿಟ್ಟಿದಾರಲ್ಲ, ಆ ಗಿಟಾರ್ ಯಾರದು? ನಿಮ್ಮದಲ್ಲ ಅದು. ನಾನು ನಿಮ್ಮನ್ನ ನೋಡಿದೀನಿ. ಹದಿನೆಂಟು ವರ್ಷ ಆಯ್ತು, ನಮ್ಮ ಅತ್ತೆ ಮಗಳ ಮದುವೆ. ಮೂರು ಗಂಟೆ ವೇದಿಕೆ ಪಕ್ಕ ನಿಂತಿದ್ದೆ, ಊಟಕ್ಕೂ ಹೋಗ್ಲಿಲ್ಲ. ಪಂಚೆ ಉಟ್ಕೊಂಡು ಚಕ್ಕಳಮಕ್ಕಳ ಹಾಕಿ ಕೂತಿದ್ರಿ. ಧಾಟಿ ಕದ್ದೆ, ಇಲ್ಲ ಅನ್ನಲ್ಲ. ನನ್ನ ಹೆಸರು ಹೋಗಿದ್ದು ಸರಿಯಾಗೇ ಹೋಯ್ತು. ಆದ್ರೆ ನಾನು ಕದ್ದಿದ್ದು ಕೂತೋನಿಂದ. ನಿಂತ್ಕೊಂಡ್ರೆ ಅದು ಬರಲ್ಲ, ನಿಮಗೆ ಗೊತ್ತಿಲ್ವಾ?"

ಹೇಳುತ್ತಲೇ ಮೆಟ್ಟಿಲ ಮೇಲೆ ಪೆಟ್ಟಿಗೆ ಇಟ್ಟು ತೆರೆದ. ಹೊರಗಿನ ಊರಿನ ಗಿಟಾರ್ ಅದು, ಬಳಸಿದಂತೆ ತಾನಾಗಿ ಸವೆದದ್ದು. ನನ್ನ ಕಣ್ಣು ತಡೆಯಲಿಲ್ಲ, ಬಗ್ಗಿ ನೋಡಿದೆ. ಬೆನ್ನಿನಲ್ಲಿ ಒಂದು ಗೀರಿಲ್ಲ. ಮೇಲಂಚು ನುಣ್ಣಗಿತ್ತು. ಕೆಳಗಿನ ಬಾಗಿನಲ್ಲಿ, ಮಡಚಿದ ಮಂಡಿ ಕೂರುವಲ್ಲಿ ಬಣ್ಣ ಪೂರಾ ಹೋಗಿತ್ತು. ಒಡಲಿನ ಮೇಲ್ಭಾಗ ಕೊಂಬಿನ ಹಾಗೆ ಚಾಚಿರುತ್ತದಲ್ಲ, ಅದರ ತುದಿಯಲ್ಲಿ ಬಣ್ಣ, ವಾರ್ನಿಶ್ ಎರಡೂ ಅಳಿದು ಬರೀ ಮರ ಕಪ್ಪಾಗಿ, ಸಣ್ಣದೊಂದು ತಗ್ಗಾಗಿತ್ತು. ಹತ್ತೊಂಬತ್ತು ವರ್ಷ ಸವೆತದಲ್ಲೇ ಬದುಕಿದವಳು ನಾನು. ಅದು ಮನುಷ್ಯನ ಯಾವ ಅಂಗದ ಗುರುತೆಂದು ನನಗೆ ತಿಳಿಯಲಿಲ್ಲ. ಕೇಳಿದೆ.

"ಗದ್ದ ಅಮ್ಮ," ಎಂದ ಪದ್ಮರಾಜ. "ಇವರು ಗಿಟಾರ್ ನೆಟ್ಟಗೆ ನಿಲ್ಲಿಸ್ಕೊಂಡು, ಗದ್ದ ಊರಿ ನುಡಿಸೋದು. ನಾನು ಅವತ್ತೇ ಕೇಳಿದ್ದೆ ಯಾಕೆ ಹೀಗೆ ಅಂತ. ಮನೇಲಿ ಮಷೀನು ಹಚ್ಚಲ್ಲ, ಗದ್ದ ಊರಿದ್ರೆ ಎಲುಬಿನೊಳಗೇ ಕೇಳ್ಸುತ್ತೆ, ತಲೆನೋವಿನವರು ಮಲಗಿರ್ತಾರೆ ಅಂದಿದ್ರು. ನನ್ನ ಮನೇಲಿ ಯಾರಿಗೂ ತಲೆನೋವಿಲ್ಲ. ಆದ್ರೂ ಧಾಟಿ ಜೊತೆ ಅದೂ ಬಂತು."

ದಾನಪ್ಪ ಬೆಲ್ಟಿನ ಕೊಂಡಿ ಬಿಚ್ಚಿದ. ಬೆಲ್ಟನ್ನು ಎಳೆದು ಮೆಟ್ಟಿಲ ಮೇಲೆ ಇಟ್ಟು, ಬಿಗಿಯಾದ ಪ್ಯಾಂಟಿನಲ್ಲೇ ಕಷ್ಟಪಟ್ಟು ಕಾಲು ಮಡಚಿ ಕೂತ. ಪದ್ಮರಾಜನ ಗಿಟಾರನ್ನು ಮಡಿಲಲ್ಲಿ ನೆಟ್ಟಗೆ ನಿಲ್ಲಿಸಿ, ಆ ತಗ್ಗಿಗೆ ಗದ್ದ ಊರಿದ. ಗದ್ದ ಅಲ್ಲಿ ಸರಿಯಾಗಿ ಕೂತಿತು. ಕಣ್ಣು ಮುಚ್ಚಿಕೊಂಡು ನುಡಿಸತೊಡಗಿದ. ಎರಡು ಮಾರು ದೂರದಲ್ಲಿದ್ದ ನಮಗೆ ಕೇಳಿಸಿದ್ದು ತಂತಿ ಕೆರೆವ ಸಣ್ಣ ಸದ್ದು ಮಾತ್ರ, ನನ್ನ ಬೆನ್ನ ಹಿಂದೆ ಇಪ್ಪತ್ತೆರಡು ವರ್ಷ ನಡೆದ ಸದ್ದು. ಅವನು ಕೂತು ನುಡಿಸುವುದನ್ನು ನಾನು ಎದುರು ನಿಂತು ನೋಡಿದ್ದು ಅದೇ ಮೊದಲು. ನೋಡಲು ಚೆನ್ನಾಗಿತ್ತು.

ಪದ್ಮರಾಜ ಸ್ವಲ್ಪ ಹೊತ್ತು ಕೇಳಿ ನನ್ನ ಕಡೆ ತಿರುಗಿದ. "ನೀವು ಇವರಿಗೆ ಏನಾಗ್ಬೇಕು?" ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ದಾನಪ್ಪನೇ ಉತ್ತರಿಸಿದ. ಗದ್ದ ಎತ್ತಲಿಲ್ಲ, ಕಣ್ಣು ತೆರೆಯಲಿಲ್ಲ.

"ನನ್ನ ಗಿಟಾರಿಗೆ ಗೀರು ಹಾಕಿದಾಕಿ," ಎಂದ.